ದೊಲೊನ್ ಏರಿನಲ್ಲಿ ನಿಲ್ಲುತ್ತಿದ್ದ ಕಾರು

ಒರೊಜ್‌ಬಾಯನಿಗೆ ಸಿಟ್ಟು ಬಂದರೆ ಮೊದಲು ಸ್ಪ್ಯಾನರ್ ಹಾರುತ್ತಿತ್ತು, ಆಮೇಲೆ ಬೈಗುಳ, ಕಟ್ಟಕಡೆಗೆ ಯೋಚನೆ. ಕೊಚ್ಕೋರ್ ಊರಿನ ಅವನ ಅಂಗಳಕ್ಕೆ ಕಾರು ತಂದವರು ಇದನ್ನು ತಿಳಿದೇ ನಾಲ್ಕು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರು. ಅವನ ಶೆಡ್ಡಿನ ತಗಡಿನ ಬಾಗಿಲ ತುಂಬ ತಗ್ಗುಗಳು. ಒಂದೊಂದು ತಗ್ಗೂ ಒಂದೊಂದು ಹಟಮಾರಿ ಇಂಜಿನ್ನಿನ ಗುರುತು. ಆದರೂ ಜನ ಬರುತ್ತಿದ್ದರು. ಬೇರೆ ಮೆಕ್ಯಾನಿಕ್ಕುಗಳು ಸಾಮಾನು ಬದಲಾಯಿಸುತ್ತಾರೆ, ಒರೊಜ್‌ಬಾಯ್ ರೋಗ ಹಿಡಿಯುತ್ತಾನೆ ಎಂಬ ಮಾತಿತ್ತು. ಆ ಮಾತನ್ನು ಹುಟ್ಟಿಸಿದವನೂ ಅವನೇ.

ಅವನ ಬಾಳೇ ಒಂದು ಹೊಡೆದಾಟ. ಹರೆಯದಲ್ಲಿ ಕುದುರೆಯೇರಿ, ತಲೆ ಕಡಿದ ಮೇಕೆಯ ಹೆಣವನ್ನು ಇನ್ನೊಬ್ಬನ ತೊಡೆಯಡಿಯಿಂದ ಕಿತ್ತುಕೊಂಡು ಓಡುವ ಆಟದಲ್ಲಿ ಅವನದು ದೊಡ್ಡ ಹೆಸರು. ಒಂದು ವಸಂತದಲ್ಲಿ ಎದುರಾಳಿಯ ಚಾಟಿಯ ಹಿಡಿ ದವಡೆಗೆ ಬಡಿಯಿತು, ಕೆಳಗೆ ಬಿದ್ದವನ ಹೆಗಲ ಮೇಲೆ ಕುದುರೆ ಕಾಲಿಟ್ಟಿತು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಕುದುರೆ ಬಿಟ್ಟವನು ಸಾಮೂಹಿಕ ಜಮೀನಿನ ಟ್ರಾಕ್ಟರ್ ಗ್ಯಾರೇಜು ಸೇರಿದ. ಸೋವಿಯತ್ ಕಾಲ ಮುಗಿದು ಆ ಗ್ಯಾರೇಜನ್ನು ಜನ ಹರಿದು ಹಂಚಿಕೊಂಡ ದಿನ, ಬೆಂಚಿಗೆ ಬಿಗಿಯುವ ದೊಡ್ಡ ಕಬ್ಬಿಣದ ಇಕ್ಕಳಕ್ಕಾಗಿ ತನ್ನ ಮೇಸ್ತ್ರಿಯ ಜೊತೆಗೇ ಗುದ್ದಾಡಿ ಮುಂದಿನ ಹಲ್ಲು ಕಳೆದುಕೊಂಡ. ಇಕ್ಕಳ ಮನೆಗೆ ಬಂತು. "ಹೋಗ್ಲಿ ಬಿಡೇ, ಹಲ್ಲಿಗಿಂತ ಇದು ಗಟ್ಟಿಯಾಗಿ ಕಚ್ಚುತ್ತೆ" ಎಂದು ಬಾಯೆಲ್ಲ ರಕ್ತ ಮಾಡಿಕೊಂಡು ಹೆಂಡತಿ ಬಾತ್ಮಾಳಿಗೆ ಹೇಳಿದ್ದನಂತೆ.

ಇಂಥವನಿಗೆ ಒಬ್ಬಳೇ ಮಗಳು, ಸಾಲ್ಕಿನ್. ಅಂಗಳದಲ್ಲಿ ಗಿರಾಕಿಗಳ ಕಾರುಗಳನ್ನು ಹಿಂದೆ ಮುಂದೆ ಸರಿಸುತ್ತಲೇ ಓಡಿಸಲು ಕಲಿತವಳು. ಅವಳನ್ನು ದೊಲೊನ್ ಕಣಿವೆಯ ಆಚೆಗೆ, ನಾರಿನ್ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಅಳಿಯ ಎರ್ಮೆಕ್ ತನ್ನ ಹಳೆಯ ಝಿಗುಲಿ ಕಾರಿನಲ್ಲಿ ನಾರಿನ್ನಿಂದ ಬಿಷ್ಕೆಕ್‌ಗೆ ಬಾಡಿಗೆ ಹೊಡೆಯುತ್ತಿದ್ದ. ಅಗಲ ಎದೆ, ಒಳ್ಳೆ ಹಾಡುಗಾರ, ಮದುವೆಯಲ್ಲಿ ಎಲ್ಲರಿಗೂ ಮೆಚ್ಚುಗೆಯಾಗಿದ್ದ. ದಿಬ್ಬಣದ ದಿನ ಆ ಕಾರು ಹೊಸ ಮದುಮಗಳನ್ನು ಕೂರಿಸಿಕೊಂಡು ಕಣಿವೆಯ ನೆತ್ತಿಯಲ್ಲಿ ಕೆಮ್ಮಿ ನಿಂತುಬಿಟ್ಟಿತು. ಪೆಟ್ರೋಲಿನಲ್ಲಿ ನೀರು ಸೇರಿತ್ತು, ಅಷ್ಟೇ. ಅದು ಎಲ್ಲರ ಕಾರಿಗೂ ಬರುವ ನೆಗಡಿ. ಆದರೆ ಎರ್ಮೆಕ್‌ನ ತಾಯಿ ಕಾಲಿಪಾ ಸೊಸೆಯ ಪಾದ ನೋಡಿದಳು, ಕಾರು ನೋಡಿದಳು, ತೀರ್ಪು ಕೊಟ್ಟಳು.

ಆ ವರ್ಷ ಹಿಮ ಬೀಳುವ ಮುನ್ನ ಸಾಲ್ಕಿನ್ ಕಲ್ಲಿದ್ದಲ ಲಾರಿಯೊಂದರಲ್ಲಿ ಕುಳಿತು ತವರಿಗೆ ಬಂದಳು. ಕೆಳದುಟಿ ಸೀಳಿ ಊದಿಕೊಂಡಿತ್ತು. ಕಿವಿಯ ಹಿಂದೆ ರಕ್ತ ಒಣಗಿತ್ತು. ಬಾತ್ಮಾ ಹಾಸಿಗೆ ಹಾಸತೊಡಗಿದಳು.

"ಯಾಕೆ ಹೊಡೆದ?" ಒರೊಜ್‌ಬಾಯ್ ಕೇಳಿದ.

"ಕಾರು ನಿಂತುಹೋಯ್ತು."

"ಕಾರು ನಿಂತರೆ ನಿನಗ್ಯಾಕೆ?"

"ನನ್ನ ಕಾಲ್ಗುಣ ಅಂತೆ ಅಪ್ಪ. ಅದು ಕೆಮ್ಮಿದಾಗೆಲ್ಲ ನನಗೆ ಬೀಳತ್ತೆ. ನಾನು ಕಾರಲ್ಲೇ ಇಲ್ದೆ ಮನೇಲಿ ರೊಟ್ಟಿ ಸುಡ್ತಿದ್ರೂ ಬಂದು ಹೊಡೀತಾನೆ. ಎಲ್ಲಿ ನಿಂತಿತು, ಎಷ್ಟು ಸಲ ನಿಂತಿತು ಅಂತ ಹೇಳಿ ಹೇಳಿ ಹೊಡೀತಾನೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಅದೇ ಇದು. ಒರೊಜ್‌ಬಾಯನ ಕೈಯಲ್ಲಿದ್ದ ಬಟ್ಟಲು ಗೋಡೆಗೆ ಹೋಗಿ ಬಡಿಯಿತು. ಈಗಲೇ ಹೋಗಿ ಅಳಿಯನ ಹಲ್ಲು ಉದುರಿಸಿ ಬರುತ್ತಾನೆ ಎಂದು ಬಾತ್ಮಾ ಅಂದುಕೊಂಡಳು. ಆದರೆ ಅವನು ತನ್ನ ಅಪ್ಪನೂ ಅಜ್ಜನೂ ಹೆಣ್ಣುಮಕ್ಕಳಿಗೆ ಹೇಳಿದ ಮಾತನ್ನೇ ಹೇಳಿದ. "ಕಲ್ಲು ಬಿದ್ದ ಜಾಗದಲ್ಲೇ ಭಾರ, ಮಗಳೇ, ಹೆಣ್ಣು ಕೊಟ್ಟ ಮನೇಲೇ. ನಾಳೆ ಬೆಳಿಗ್ಗೆ ನಾನೇ ಬಿಟ್ಟು ಬರ್ತೀನಿ."

"ಕಲ್ಲಂತೆ, ಕಲ್ಲು!" ಬಾತ್ಮಾ ದಿಂಬನ್ನು ನೆಲಕ್ಕೆ ಕುಕ್ಕಿದಳು. "ಹೊಟ್ಟೇಲಿ ಹೊತ್ತವಳು ನಾನು. ಕಲ್ಲು ಹೆತ್ತಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?"

"ನೀನು ಸುಮ್ನಿರು. ಕಾರು ನಿಲ್ತದೆ, ಅವನು ಹೊಡೀತಾನೆ. ಕಾರು ನಿಲ್ದೇ ಇದ್ರೆ ಯಾಕೆ ಹೊಡೀತಾನೆ? ಕಾರನ್ನ ನಾನು ಸರಿ ಮಾಡ್ತೀನಿ."

ಅವನ ಮಟ್ಟಿಗೆ ಅದು ಬಿಡಿಸಿಟ್ಟ ಲೆಕ್ಕ. ಮರುದಿನ ಮಗಳನ್ನು ಬಿಟ್ಟು ಬಂದ. ಬರುವಾಗ ಕಾರು ತರುವಂತೆ ಅಳಿಯನಿಗೆ ಹೇಳಿ ಬಂದ. ಬಾತ್ಮಾ ಅವನ ಮುಂದೆ ಚಹಾ ಇಡುತ್ತಿದ್ದಳು, ಆದರೆ ಮಾತು ನಿಲ್ಲಿಸಿದ್ದಳು.

ಪೂರ್ತಿ ಸತ್ತ ಇಂಜಿನ್ನು ಮೆಕ್ಯಾನಿಕ್ಕಿಗೆ ಕಷ್ಟವಲ್ಲ. ಸತ್ತದ್ದು ಅಲ್ಲಾಡದೆ ಬಿದ್ದಿರುತ್ತದೆ, ಕೊಯ್ದು ನೋಡಬಹುದು. ಬಂದುಹೋಗುವ ರೋಗ ಮಾತ್ರ ಪಕ್ಕಾ ಕಳ್ಳ. ಪೊಲೀಸು ಬಂದಾಗ ಮುಸುಕು ಹೊದ್ದು ಮಲಗಿರುತ್ತಾನೆ. ಎರ್ಮೆಕ್ ತಂದ ಝಿಗುಲಿ ಒರೊಜ್‌ಬಾಯನ ಅಂಗಳದಲ್ಲಿ ದಿನವಿಡೀ ಗುರುಗುಟ್ಟುತ್ತ ನಿಂತಿತು, ಒಮ್ಮೆಯೂ ಕೆಮ್ಮಲಿಲ್ಲ. ಒರೊಜ್‌ಬಾಯ್ ಪೆಟ್ರೋಲ್ ಟ್ಯಾಂಕು ಇಳಿಸಿ ತೊಳೆದ. ತಳದಲ್ಲಿ ಕೆಂಪು ಕೆಸರು, ತುಕ್ಕು. ಕಾರ್ಬ್ಯುರೇಟರ್ ಬಿಚ್ಚಿ ಒಂದೊಂದು ತೂತಿಗೂ ಗಾಳಿ ಊದಿದ.

"ಕೆಸರು ಕುಡಿಸಿದ್ದೀಯ ಕಾರಿಗೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ನಿನ್ನ ಟ್ಯಾಂಕ್ ಕೊಳೆತಿದ್ದಕ್ಕೆ ನನ್ನ ಮಗಳ ಕಾಲ್ಗುಣ ಅಂತೀಯಾ?"

"ನಾನೆಲ್ಲಿ ಅಂದೆ ಮಾವ? ಅಮ್ಮ ಅಂತಾಳೆ" ಎಂದು ಎರ್ಮೆಕ್ ಹಲ್ಲು ಕಿರಿದ. ಅವನ ಬಲಗೈ ಬೆರಳ ಗೆಣ್ಣುಗಳಲ್ಲಿ ಚರ್ಮ ಸುಲಿದಿತ್ತು. ಒರೊಜ್‌ಬಾಯ್ ಅದನ್ನು ನೋಡಿದ, ನೋಡಿಯೂ ನಟ್ಟು ಬಿಗಿಯುವುದರಲ್ಲಿ ಮುಖ ಮರೆಸಿದ.

ಕಾರು ಕೆಲವು ದಿನ ಓಡಿತು, ಮತ್ತೆ ನಿಂತಿತು. ಎರಡನೆಯ ಸಲ ಎರ್ಮೆಕ್ ಬಂದಾಗ ಸಾಲ್ಕಿನ್ ಹಿಂದಿನ ಸೀಟಿನಲ್ಲಿದ್ದಳು. ಮುಂದೆ ಕೂರುವಂತಿಲ್ಲ, ಕಾಲಿಡುವ ಮುನ್ನ ಬಾಗಿಲಿಗೆ ಜೂನಿಪರ್ ಸೊಪ್ಪಿನ ಹೊಗೆ ಹಾಕಬೇಕು, ಇದು ಕಾಲಿಪಾಳ ಕಟ್ಟಳೆ. ಸಾಲ್ಕಿನ್‌ಳ ಒಂದು ಕಣ್ಣು ಮುಚ್ಚಿಹೋಗಿತ್ತು, ಸುತ್ತಲೂ ನೀಲಿ. ಬಾತ್ಮಾ ಓಡಿ ಬಂದು ಕಾರಿನ ಬಾಗಿಲು ತೆಗೆದಳು. ಗಂಡನ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ಮೊದಲ ಮಾತಾಡಿದಳು. "ನಿನ್ನ ಟ್ಯಾಂಕಿನ ಕೆಸರು ಇಲ್ಲಿದೆ ನೋಡು."

ಅಂದಿನಿಂದ ಒರೊಜ್‌ಬಾಯನಿಗೆ ನಿದ್ದೆ ಹತ್ತಲಿಲ್ಲ. ತಾನು ತಪ್ಪಿದ ಊಹೆಯ ದಂಡವನ್ನು ಮಗಳು ಮೈಮೇಲೆ ತೆರುತ್ತಿದ್ದಾಳೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪ್ಲಗ್ಗು ಹೊಸದು ಹಾಕಿದ. ಶೆಡ್ಡಿನ ಕತ್ತಲಲ್ಲಿ ತಂತಿಗಳ ಮೇಲೆ ನೀರು ಚಿಮುಕಿಸಿ ಕಿಡಿ ಸೋರುತ್ತದೆಯೇ ಎಂದು ನೋಡಿದ. ಕರೆಂಟು ಕಡಿದು ಜೋಡಿಸುವ ಪಾಯಿಂಟು ಉಜ್ಜಿದ, ತನ್ನ ಕಾರಿನ ಕಿಡಿ ಹುಟ್ಟಿಸುವ ಕಾಯಿಲನ್ನೇ ಬಿಚ್ಚಿ ಅಳಿಯನ ಕಾರಿಗೆ ಹಾಕಿದ. ಹಾಕುವಾಗ ಬೈದ, ಬೈಯುತ್ತ ಅತ್ತ. ಮನುಷ್ಯ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿ ಅತ್ತರೆ ಯಾರಿಗೂ ಕಾಣುವುದಿಲ್ಲ.

ಮೂರನೆಯ ಸಲ ಅಳಿಯ ಹೆಂಡತಿಯ ಜೊತೆ ಬಂದು, "ಮಾವ, ನಿಮ್ಮ ರಿಪೇರಿ ದೊಲೊನ್ ಬುಡದ ತನಕ ಮಾತ್ರ. ಏರು ಹತ್ತಲ್ಲ" ಎಂದು ಚುಚ್ಚಿದಾಗ ಒರೊಜ್‌ಬಾಯ್ ಸ್ಪ್ಯಾನರ್ ಕೆಳಗಿಟ್ಟ. ಅಂಗಳದಲ್ಲಿ ಈ ಕಳ್ಳ ಸಿಗುವುದಿಲ್ಲ.

"ನಡಿ, ಏರಿಗೇ ಹೋಗೋಣ. ನೀನು ಓಡ್ಸು. ನಾನು ಪಕ್ಕದಲ್ಲಿ ಕೂರ್ತೀನಿ. ಅವಳೂ ಬರಲಿ."

"ಅವಳ್ಯಾಕೆ?"

"ಅವಳ ಕಾಲಲ್ಲಿ ತಾನೇ ರೋಗ ಇರೋದು? ರೋಗ ಇಲ್ದೆ ವೈದ್ಯ ಏನು ನೋಡ್ತಾನೆ?"

ಸಂಜೆ ಬಾಗುವ ಹೊತ್ತು. ಕೆಳಗಿನ ತಿರುವುಗಳಲ್ಲಿ ಕಾರು ಸಲೀಸಾಗಿ ಏರಿತು. ಎರ್ಮೆಕ್ ಹಾಡು ಗುನುಗುತ್ತಿದ್ದ. ಮೇಲೆ ಮೋಡ ಕವಿದು ಬೆಳಕು ಕುಂದಿದಾಗ ದೀಪ ಹಾಕಿದ, ಬಿಸಿಗಾಳಿಯ ಫ್ಯಾನು ತಿರುಗಿಸಿದ. ಮುಂದಿನ ಕುಳಿಗೆ ಚಕ್ರ ಇಳಿದದ್ದೇ ತಡ, ಇಂಜಿನ್ನು ಒಮ್ಮೆ ಬಿಕ್ಕಿತು, ಇನ್ನೊಮ್ಮೆ ಬಿಕ್ಕಿತು, ನಿಂತೇಹೋಯಿತು.

ಎರ್ಮೆಕ್ ಹಿಂದೆ ತಿರುಗಲೂ ಇಲ್ಲ. ಕೈಯನ್ನು ಹಿಂದಕ್ಕೆ ಬೀಸಿದ. ಮುಷ್ಟಿ ಸಾಲ್ಕಿನ್‌ಳ ಮೂಗಿಗೆ ಬಡಿದ ಸದ್ದು ಒರೊಜ್‌ಬಾಯನ ಕಿವಿಯ ಪಕ್ಕದಲ್ಲೇ ಕೇಳಿಸಿತು. ಅಪ್ಪ ಪಕ್ಕದಲ್ಲಿ ಕುಳಿತಿದ್ದಾನೆಂಬ ನಾಚಿಕೆಯೂ ಇಲ್ಲದ, ರೂಢಿ ಬಿದ್ದ ಏಟು. ಸಾಲ್ಕಿನ್ ಅಂಗಿಯ ತೋಳಿನಿಂದ ಮೂಗು ಒತ್ತಿ ಹಿಡಿದಳು, ರಕ್ತ ತೋಳಿನೊಳಗೆ ಇಳಿಯಿತು.

ಒರೊಜ್‌ಬಾಯ್ ಅಳಿಯನ ಮಣಿಕಟ್ಟು ಹಿಡಿದು ತಿರುಚಿದ. ಎಲುಬು ಕಟಕಟ ಎಂದಿತು. "ಇನ್ನೊಂದ್ಸಲ ಕೈ ಎತ್ತಿದ್ರೆ ಈ ಕೈನ ಇಕ್ಕಳಕ್ಕೆ ಬಿಗಿದು ಅರದಿಂದ ಉಜ್ತೀನಿ. ಈಗ ಸ್ಟಾರ್ಟ್ ಮಾಡು. ನಾನು ಹೇಳೋವರೆಗೂ ಬಿಡಬೇಡ."

ಇಳಿದು ಬಾನೆಟ್ ಎತ್ತಿದ. ಗಾಳಿ ಕಣ್ಣಿಗೆ ಹಿಮದ ಪುಡಿ ಎರಚುತ್ತಿತ್ತು. ಎರ್ಮೆಕ್ ಒಳಗಿನಿಂದ ಕೀಲಿ ತಿರುವಿದ. ಇಂಜಿನ್ನು ಸುಸ್ತಾದ ಕತ್ತೆಯಂತೆ ಒಮ್ಮೆ ಹೊರಳಿ ಸುಮ್ಮನಾಯಿತು. ಮತ್ತೆ ತಿರುವಿದ. ಆಗ ಒರೊಜ್‌ಬಾಯನ ಮೂಗಿಗೆ ಏನೋ ಸುಟ್ಟ ವಾಸನೆ ಬಂತು. ಚಾಲಕನ ಮುಂದಿನ ಗುಂಡಿಯಿಂದ ಕಾರ್ಬ್ಯುರೇಟರಿಗೆ ಬರುವ ಸಣ್ಣ ಚೋಕ್ ತಂತಿಯಿಂದ ಎಳೆಹೊಗೆ ಏಳುತ್ತಿತ್ತು. ಬೆರಳಿಟ್ಟ. ಚುರ್ ಎಂದು ಚರ್ಮ ಅಂಟಿತು.

"ಸಿಕ್ಕಿದ!" ಎಂದು ಅವನು ಕೂಗಿದ ಕೂಗಿಗೆ ಕಣಿವೆಯ ಆಚೆ ದಡದ ಯಾಕುಗಳೂ ತಲೆಯೆತ್ತಿದವು. "ಸಿಕ್ಕಿದ, ಸೂಳೆಮಗ ಸಿಕ್ಕಿದ!"

ಹಿಂದಿನ ಸೀಟಿನಲ್ಲಿ ಮಗಳ ಮೂಗಿನಿಂದ ರಕ್ತ ಇಳಿಯುತ್ತಿರುವಾಗ ಅಪ್ಪ ಹೊರಗೆ ಕುಣಿಯುತ್ತಿದ್ದ. ಅದು ಅವನಿಗೆ ಆಮೇಲೆ ಹೊಳೆಯಿತು. ಹೊಳೆದಾಗ ಎದೆಗೆ ಚುಚ್ಚಿತು. ಆ ಗಳಿಗೆಯಲ್ಲಿ ಮಾತ್ರ ಅವನು ಬರೀ ಮೆಕ್ಯಾನಿಕ್.

ಬ್ಯಾಟರಿಯಿಂದ ಹೊರಟ ಕರೆಂಟು ಕೆಲಸ ಮುಗಿಸಿ ಹಿಂದಿರುಗಬೇಕು. ಅದಕ್ಕೆಂದೇ ಇಂಜಿನ್ನಿನಿಂದ ಕಾರಿನ ಮೈಗೆ ದಪ್ಪ ತಾಮ್ರದ ಪಟ್ಟಿ ಬಿಗಿದಿರುತ್ತಾರೆ. ಆ ಹೆದ್ದಾರಿ ಮುಚ್ಚಿದರೆ ಕರೆಂಟು ಸಿಕ್ಕ ಸಿಕ್ಕ ಕಿರುದಾರಿಯಲ್ಲಿ ನುಗ್ಗುತ್ತದೆ, ಚೋಕ್ ತಂತಿಯಂಥ ಬಡಪಾಯಿಯನ್ನು ಸುಡುತ್ತದೆ. ದೀಪ, ಫ್ಯಾನು ಎಲ್ಲ ಒಟ್ಟಿಗೆ ಬೇಡಿದಾಗ, ಕುಳಿಯಲ್ಲಿ ಕುಲುಕಿದಾಗ, ಕಿಡಿ ಸೋತು ಇಂಜಿನ್ನು ಸಾಯುತ್ತದೆ. ಒರೊಜ್‌ಬಾಯ್ ಕೆಳಗೆ ಕೈ ತೂರಿಸಿ ಪಟ್ಟಿಯ ಬೋಲ್ಟನ್ನು ಸುತ್ತಿಗೆಯಿಂದ ಬಡಿದು ಸಡಿಲಿಸಿದ. ಪಟ್ಟಿಯ ತುದಿ ಬಿಗಿದಿದ್ದ ತಗ್ಗಿನಲ್ಲಿ ಕಪ್ಪು ಹಕ್ಕಳೆ, ಅದರಡಿ ಹಸಿರು ಕಿಲುಬು. ಒಂದು ಚೂರನ್ನು ಅಂಗೈಯಲ್ಲಿಟ್ಟು ಉಗುಳು ಹಾಕಿ ಉಜ್ಜಿದ. ಕೆಂಪಗಾಯಿತು. ಕುರಿ ಕೊಯ್ಯುತ್ತಲೇ ಬೆಳೆದವನಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

"ಇಂಜಿನ್ನೊಳಗೆ ರಕ್ತ ಹೇಗೆ ಬಂತು?"

ಎರ್ಮೆಕ್ ಮುಖ ಅತ್ತ ತಿರುಗಿಸಿದ. ಹಿಂದಿನಿಂದ ಸಾಲ್ಕಿನ್ ಮೂಗು ಒತ್ತಿಕೊಂಡೇ ಹೇಳಿದಳು. "ಪುಪ್ಪುಸದಲ್ಲಿ ಬಡಿದ್ರು ಅಪ್ಪ. ದಿಬ್ಬಣ ಮುಗಿದ ವಾರವೇ ಕುರಿ ಕೊಯ್ದು ಅತ್ತೆ ಬಿಸಿ ಪುಪ್ಪುಸ ತಂದು ಬಾನೆಟ್ ತೆಗೆಸಿ ಇಂಜಿನ್ ಮೇಲೆ ಪಟಾಪಟಾ ಬಡಿದ್ರು. ಆಮೇಲೆ ಅದೇ ಪುಪ್ಪುಸದಲ್ಲಿ ನನಗೂ ಬಡಿದ್ರು. ಕಾರು ನಿಂತಾಗೆಲ್ಲ ಹಾಗೇ ಮಾಡ್ತಾರೆ."

ಆ ಕಡೆ ಹಾಸಿಗೆ ಹಿಡಿದವರಿಗೆ ಆಗಷ್ಟೇ ಕೊಯ್ದ ಕುರಿಯ ಪುಪ್ಪುಸದಿಂದ ಬಡಿದು, ಕೆಟ್ಟದ್ದು ಅದಕ್ಕೆ ಅಂಟಿತೆಂದು ನಾಯಿಗೆ ಎಸೆಯುತ್ತಾರೆ. ಒರೊಜ್‌ಬಾಯನ ಅಮ್ಮನೂ ಅವನ ಮುರಿದ ಹೆಗಲಿಗೆ ಬಡಿದಿದ್ದಳು. ಆದರೆ ಕಾರಿಗೆ! ನೆಗಡಿ ಬಂದಿದ್ದ ಕಾರಿಗೆ ಮದ್ದು ಕೊಟ್ಟು ಕ್ಷಯ ತಂದಿದ್ದರು. ಕಾರು ನಿಂತಷ್ಟೂ ರಕ್ತ, ರಕ್ತ ಇಳಿದಷ್ಟೂ ಕಿಲುಬು, ಕಿಲುಬು ಬೆಳೆದಷ್ಟೂ ಕಾರು ನಿಲ್ಲುವುದು. ನಡುವೆ ಸಾಲ್ಕಿನ್‌ಳ ಮುಖ.

ಒರೊಜ್‌ಬಾಯ್ ಅಳಿಯನನ್ನು ಅಂಗಿಯ ಕೊರಳು ಹಿಡಿದು ಹೊರಗೆಳೆದ. "ಮಗಳೇ, ಮುಂದೆ ಬಂದು ಕೀಲಿ ತಿರುವು" ಎಂದ. ಅವಳು ತಿರುವಿದಾಗ ಎರ್ಮೆಕ್‌ನ ಅಂಗೈಯನ್ನು ಚೋಕ್ ತಂತಿಯ ಮೇಲೆ ಒತ್ತಿ ಹಿಡಿದ. ಎರ್ಮೆಕ್ ಹಂದಿಯಂತೆ ಕಿರುಚಿದ.

"ಇಲ್ಲಿದೆ ಕಾಲ್ಗುಣ! ಕಂಡ್ಯಾ? ನಿನ್ನಮ್ಮ ಸುರಿದ ರಕ್ತ ಇದು. ಇದನ್ನ ನೀನು ನನ್ನ ಮಗಳ ಮುಖದಲ್ಲಿ ಹುಡುಕ್ತಿದ್ಯಾ?"

"ಬಿಡಿ ಮಾವ, ಬಿಡಿ! ತಪ್ಪಾಯ್ತು!"

ಒರೊಜ್‌ಬಾಯ್ ಬಿಟ್ಟ. ಕಿಲುಬನ್ನು ಹೊಳೆಯುವವರೆಗೆ ಕೆರೆದ. ತನ್ನ ವೆಲ್ಡಿಂಗ್ ಯಂತ್ರದ ದಪ್ಪ ಕೇಬಲ್ಲಿನಿಂದ ಕತ್ತರಿಸಿ ತಂದಿದ್ದ ತುಂಡೊಂದು ಹತಾರಗಳ ಡಬ್ಬಿಯಲ್ಲಿತ್ತು. ಅದನ್ನೇ ಹೊಸ ಪಟ್ಟಿಯಾಗಿ ಬಿಗಿದ. ದೀಪ ಹಾಕಿ, ಫ್ಯಾನು ಹಾಕಿ, ಕುಳಿಯಿಂದ ಕುಳಿಗೆ ಬೇಕೆಂದೇ ಇಳಿಸುತ್ತ ನೆತ್ತಿಯವರೆಗೆ ತಾನೇ ಓಡಿಸಿದ. ಕಾರು ಒಂದು ಸೊಲ್ಲೂ ಎತ್ತಲಿಲ್ಲ. ಎರ್ಮೆಕ್ ಸುಟ್ಟ ಕೈಯಲ್ಲಿ ಹಿಮದ ಉಂಡೆ ಒತ್ತಿಕೊಂಡು ಪಕ್ಕದ ಸೀಟಿನಲ್ಲಿ ಕೂತಿದ್ದ. ಇನ್ನು ಎಲ್ಲ ನೆಟ್ಟಗಾಯಿತೆಂದು ಒರೊಜ್‌ಬಾಯ್ ಅವರಿಬ್ಬರನ್ನೂ ಅಲ್ಲಿಂದಲೇ ಕಳಿಸಿ, ತಾನು ಕೆಳಗಿಳಿಯುವ ಲಾರಿ ಹತ್ತಿದ.

ಮನೆಗೆ ಬಂದವನು ಬೆಣ್ಣೆ ಸವರಿದ ರೊಟ್ಟಿ ಮುರಿಯುತ್ತ ಬಾತ್ಮಾಳಿಗೆ ಎಲ್ಲವನ್ನೂ ಕೈಬಾಯಿ ಕುಣಿಸಿ ಹೇಳಿದ. ಹಿಂದಿರುಗುವ ದಾರಿ ಮುಚ್ಚಿಹೋಗಿತ್ತು, ಅದಕ್ಕೇ ಸಣ್ಣ ತಂತಿ ಸುಟ್ಟಿತು ಎಂದ.

ಬಾತ್ಮಾ ಬಟ್ಟಲಿಗೆ ಚಹಾ ಸುರಿಯುತ್ತಿದ್ದವಳು ನಿಲ್ಲಿಸಿದಳು. "ಹಾಗಾದ್ರೆ ಕರೆಂಟಿಗೂ ತವರು ಬೇಕು ಅನ್ನು."

"ಏನಂದೆ?"

"ಏನಿಲ್ಲ. ತಿನ್ನು."

ಚಳಿಗಾಲ ಕಳೆಯುವ ತನಕ ಒರೊಜ್‌ಬಾಯ್ ಎದೆಯುಬ್ಬಿಸಿ ಓಡಾಡಿದ. ಬಂದ ಗಿರಾಕಿಗೆಲ್ಲ ಪುಪ್ಪುಸದ ಕಥೆ ಹೇಳಿದ. ಕೇಳಿದವರು ಹೊಟ್ಟೆ ಹಿಡಿದು ನಕ್ಕರು. ನಾರಿನ್ ಕಡೆಯಿಂದ ಬಂದ ಡ್ರೈವರುಗಳನ್ನು ನಿಲ್ಲಿಸಿ, "ಎರ್ಮೆಕ್ ಕಾರು ಹೇಗಿದೆ?" ಎಂದು ಕೇಳುತ್ತಿದ್ದ. "ಗಡಿಯಾರ ಇದ್ದಂಗೆ ಓಡ್ತಿದೆ ಉಸ್ತಾದ್" ಎನ್ನುತ್ತಿದ್ದರು. ಮಗಳು ಹೇಗಿದ್ದಾಳೆಂದು ಕೇಳುವ ಅಗತ್ಯ ಅವನಿಗೆ ಕಾಣಲಿಲ್ಲ. ಕಾರು ಓಡುತ್ತಿದೆಯಲ್ಲ.

ಕಣಿವೆಯ ಹಿಮ ಕರಗಿ ರಸ್ತೆ ಕೆಸರಾದ ಒಂದು ಬೆಳಿಗ್ಗೆ ಆ ಕಾರೇ ಅಂಗಳಕ್ಕೆ ಬಂದು ನಿಂತಿತು. ಚಾಲಕನ ಸೀಟಿನಿಂದ ಸಾಲ್ಕಿನ್ ಇಳಿದಳು. ಅವಳ ಎಡಗೈ ಮೊಣಕೈಯ ಕೆಳಗೆ ಇರಬಾರದ ಕಡೆ ಬಾಗಿತ್ತು. ತಲೆವಸ್ತ್ರ ಬಿಚ್ಚಿ ಅದನ್ನೇ ಕೊರಳಿಗೆ ಕಟ್ಟಿ ಕೈಯನ್ನು ತೂಗಿಸಿಕೊಂಡಿದ್ದಳು. ಒಂದೇ ಕೈಯಲ್ಲಿ ದೊಲೊನ್ ಹತ್ತಿ ಇಳಿದು ಬಂದಿದ್ದಳು. ಗೇರ್ ಹಾಕುವಾಗೆಲ್ಲ ಸ್ಟೀರಿಂಗನ್ನು ಮೊಣಕಾಲಿನಿಂದ ಹಿಡಿದಿದ್ದಳಂತೆ.

ಒರೊಜ್‌ಬಾಯನ ಬಾಯಿಂದ ಮೊದಲು ಬಿದ್ದ ಮಾತು: "ಕಾರು ನಿಂತುಹೋಯ್ತಾ?"

ಸಾಲ್ಕಿನ್ ಅವನನ್ನೇ ನೋಡಿದಳು. "ಇಲ್ಲಪ್ಪ. ಆವತ್ತಿಂದ ಒಂದ್ಸಲಾನೂ ನಿಂತಿಲ್ಲ. ಚಹಾ ಆರಿಹೋಗಿತ್ತು. ಅದಕ್ಕೆ."

ಒರೊಜ್‌ಬಾಯನಿಗೆ ಕುದುರೆ ಮತ್ತೆ ಹೆಗಲ ಮೇಲೆ ಕಾಲಿಟ್ಟಂತಾಯಿತು. ಟ್ಯಾಂಕು, ಕಾಯಿಲು, ಪಟ್ಟಿ, ಎಲ್ಲವನ್ನೂ ಬಿಚ್ಚಿ ನೋಡಿದ್ದ. ಬಿಚ್ಚಿ ನೋಡಬೇಕಾದವನನ್ನು ಮಾತ್ರ ಪಕ್ಕದಲ್ಲೇ ಕೂರಿಸಿಕೊಂಡು ಹೋಗಿ, ಸುಟ್ಟ ಕೈಗೆ ಹಿಮ ಹಚ್ಚಿಸಿ ಕಳಿಸಿದ್ದ. ತನ್ನ ಮೇಲೆ ತನಗೇ ಅಸಹ್ಯ ಹುಟ್ಟಿತು. "ಒಳಗೆ ನಡಿ ಮಗಳೇ" ಎಂದ.

ಮೂಳೆ ಕೂಡಿಸುವ ಮುದುಕಿ ಬಂದು ಕೈ ಎಳೆದು ಪಟ್ಟಿ ಕಟ್ಟಿ ಹೋಗುವಷ್ಟರಲ್ಲಿ ಬಾಡಿಗೆ ವ್ಯಾನೊಂದು ಗೇಟಿಗೆ ಬಂತು. ಎರ್ಮೆಕ್ ಇಳಿದ, ಹಿಂದೆಯೇ ಕಾಲಿಪಾ.

"ಬೀಗರೇ, ನಿಮ್ಮ ಮಗಳು ಕಾರು ಕದ್ದು ಓಡಿ ಬಂದಿದ್ದಾಳೆ!" ಕಾಲಿಪಾ ಗೇಟಿನಿಂದಲೇ ಶುರು ಮಾಡಿದಳು. "ಕಲ್ಲು ಬಿದ್ದಲ್ಲೇ ಭಾರ ಅಂತ ನೀವೇ ಅಲ್ವಾ ಹೇಳಿ ಬಿಟ್ಟು ಹೋಗಿದ್ದು?"

"ಹೇಳಿದ್ದೆ. ಹೇಳಿದ ನಾಲಿಗೆ ಹುಳ ಬಿದ್ದು ಹೋಗ್ಲಿ."

"ಮನೆ ಅಂದ್ಮೇಲೆ ಗಂಡ ಒಂದು ಏಟು ಹಾಕಲ್ವಾ? ನೀವೇನು ಬೀಗಿತ್ತಿಗೆ ಹಾಕಿಲ್ವಾ?"

"ಹಾಕಿದಾನೆ" ಎನ್ನುತ್ತ ಬಾತ್ಮಾ ಅಡುಗೆಮನೆಯಿಂದ ಬಂದಳು. ಹಿಟ್ಟಿನ ಬೊರ್ಸೋಕ್ ಉಂಡೆ ಕರಿಯುತ್ತಿದ್ದ ಜಾಲರಿ ಸೌಟು ಕೈಯಲ್ಲೇ ಇತ್ತು, ಅದರಿಂದ ಬಿಸಿ ಎಣ್ಣೆ ತೊಟ್ಟಿಕ್ಕುತ್ತಿತ್ತು. "ಮದುವೆಯಾದ ಹೊಸದರಲ್ಲಿ ಒಂದೇ ಒಂದು. ಹಿಟ್ಟಿನ ಲಟ್ಟಣಿಗೇಲಿ ವಾಪಸ್ ಕೊಟ್ಟಿದ್ದೆ. ಅವನ ಹುಬ್ಬು ನೋಡಿ, ಗುರುತು ಇನ್ನೂ ಇದೆ."

ಎರ್ಮೆಕ್ ಈ ಮಾತಿಗೆಲ್ಲ ನಿಲ್ಲದೆ ಒಳಗೆ ನುಗ್ಗಿದ. ಸಾಲ್ಕಿನ್‌ಳ ಜಡೆ ಹಿಡಿದು ಹೊಸ್ತಿಲ ತನಕ ಎಳೆತಂದ. ಮುರಿದ ಕೈ ಬಾಗಿಲ ಚೌಕಟ್ಟಿಗೆ ತಗುಲಿ ಅವಳು ಚೀರಿದಳು. ಒರೊಜ್‌ಬಾಯನ ಸ್ಪ್ಯಾನರ್ ಈ ಸಲ ಬಾಗಿಲಿಗೆ ಹಾರಲಿಲ್ಲ. ಅಳಿಯನ ಹೆಗಲಿಗೆ ಇಳಿಯಿತು, ಸರಿಯಾಗಿ ತನ್ನ ಹೆಗಲು ಮುರಿದ ಜಾಗದಲ್ಲೇ. ಎರ್ಮೆಕ್ ಜಡೆ ಬಿಟ್ಟು ಮಂಡಿಯೂರಿದ. ಕಾಲಿಪಾ ಬಾತ್ಮಾಳ ಮುಖಕ್ಕೆ ಉಗುರು ಹಾಕಿದಳು. ಸೌಟು ಕಾಲಿಪಾಳ ಮುಂಗೈಗೆ ಬಿತ್ತು. ಒಂದಷ್ಟು ಹೊತ್ತು ಆ ಅಂಗಳದಲ್ಲಿ ಯಾರು ಯಾರಿಗೆ ಹೊಡೆಯುತ್ತಿದ್ದಾರೆಂದು ವ್ಯಾನಿನ ಚಾಲಕನಿಗೂ ತಿಳಿಯಲಿಲ್ಲ. ಅವನು ಒಮ್ಮೆ ಅತ್ತಿತ್ತ ನೋಡಿ, ವ್ಯಾನು ತಿರುಗಿಸಿಕೊಂಡು ಹೊರಟೇಹೋದ.

ಏದುಸಿರು ಬಿಡುತ್ತ ಎಲ್ಲರೂ ನಿಂತಾಗ ಒರೊಜ್‌ಬಾಯ್ ಹೇಳಿದ. "ಕಾರು ನಿಂದು, ತಗೊಂಡು ಹೋಗು. ಈ ಅಂಗಳದಲ್ಲಿ ನನ್ನದು ಅಂತ ಇರೋದು ಎರಡು. ಒಂದು ಒಳಗಿದೆ. ಇನ್ನೊಂದು ಇದು." ಬಾನೆಟ್ ಎತ್ತಿ, ತಾನು ಬಿಗಿದಿದ್ದ ವೆಲ್ಡಿಂಗ್ ಕೇಬಲ್ಲಿನ ಪಟ್ಟಿಯನ್ನು ಬಿಚ್ಚಿ ಜೇಬಿಗಿಳಿಸಿದ. "ನಿನ್ನ ಕಾರು ಹೇಗೆ ಬಂದಿತ್ತೋ ಹಾಗೇ ಕೊಟ್ಟಿದ್ದೀನಿ. ದೊಲೊನ್ ತನಕ ಕೆಮ್ಮಿಕೊಂಡು ಹೋಗು. ಪುಪ್ಪುಸ ಬೇಕಾದ್ರೆ ಕಟುಕರ ಅಂಗಡಿ ಸಂತೆ ಬೀದೀಲಿದೆ."

ಕಾರು ಹೊರಟಿತು. ಓಣಿಯ ಬಾಯಲ್ಲೇ ಬಿಕ್ಕಿ ನಿಂತಿತು. ಕಿರ್ರ್ ಎಂದು ಹೊರಳಿ ಮತ್ತೆ ಹತ್ತಿಕೊಂಡಿತು, ಮತ್ತೆ ನಿಂತಿತು. ಒರೊಜ್‌ಬಾಯ್ ಗಹಗಹಿ ನಗುತ್ತ ಒಳಗೆ ಬಂದ. ಇಷ್ಟು ಹದವಾಗಿ ಸೇಡು ತೀರಿಸಿಕೊಂಡವರು ಆ ಬಯಲಿನಲ್ಲೇ ಯಾರೂ ಇರಲಿಲ್ಲ ಎಂದು ಅವನ ಎಣಿಕೆ. "ಕೇಳಿಸ್ತಾ ಮಗಳೇ? ಕೇಳಿಸ್ತಾ?"

ಸಾಲ್ಕಿನ್ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಅವಳಿಗೆ ಕೇಳಿಸುತ್ತಿತ್ತು. ಹೊರಗೆ ಕಾರು ಕೆಮ್ಮಿತು. ಅವಳ ತಲೆ ಹೆಗಲೊಳಗೆ ಹೂತುಹೋಯಿತು, ಒಳ್ಳೆಯ ಕೈ ತಾನಾಗಿ ಮುಖಕ್ಕೆ ಅಡ್ಡ ಬಂತು, ಕಣ್ಣು ಬಿಗಿಯಾಗಿ ಮುಚ್ಚಿತು. ಕಾರು ಹತ್ತಿಕೊಂಡಾಗ ಕೈ ಸ್ವಲ್ಪ ಇಳಿಯಿತು. ಮತ್ತೆ ಕೆಮ್ಮಿತು, ಕೈ ಮತ್ತೆ ಮೇಲೆ ಹೋಯಿತು. ಎದುರಿಗೆ ಅಪ್ಪ ನಿಂತಿದ್ದಾನೆ, ಅಮ್ಮ ಪಕ್ಕದಲ್ಲೇ ಇದ್ದಾಳೆ, ಬಾಗಿಲಿಗೆ ಚಿಲಕ ಹಾಕಿದೆ. ಆದರೂ ಆ ಮೈಗೆ ಅದು ಗೊತ್ತಿರಲಿಲ್ಲ.

ಒರೊಜ್‌ಬಾಯನ ನಗು ನಿಂತಿತು. ಅವನು ಅವಳ ಕೈ ಮೇಲೇರುವುದನ್ನು ಇನ್ನೊಮ್ಮೆ ನೋಡಿದ. ಆಮೇಲೆ ಜೇಬಿನ ಪಟ್ಟಿ ಮುಟ್ಟಿಕೊಂಡು ಹೊರಗೆ ನಡೆದ.

"ಎಲ್ಲಿಗೆ?" ಬಾತ್ಮಾ ಕೇಳಿದಳು. ಅವನು ಆಗಲೇ ಗೇಟು ದಾಟಿದ್ದ.

ಓಣಿಯ ಕೊನೆಯಲ್ಲಿ ಕಾರು ನಿಂತಿತ್ತು. ಸ್ಪ್ಯಾನರ್ ಹಿಡಿದು ಬರುತ್ತಿರುವ ಮಾವನನ್ನು ಕಂಡು ಎರ್ಮೆಕ್ ಬಾಗಿಲ ಚಿಲಕ ಒತ್ತಿದ, ಒಳ್ಳೆಯ ಕೈಯನ್ನು ಮುಖಕ್ಕೆ ಅಡ್ಡ ಹಿಡಿದ. ಒರೊಜ್‌ಬಾಯ್ ಅವನ ಕಡೆ ನೋಡಲಿಲ್ಲ. ಬಾನೆಟ್ ಎತ್ತಿದ, ಪಟ್ಟಿಯ ಎರಡು ತುದಿಗಳನ್ನೂ ಅವುಗಳ ಜಾಗಕ್ಕಿಟ್ಟ, ಬೋಲ್ಟುಗಳನ್ನು ಕೈ ನೋಯುವಷ್ಟು ಬಿಗಿದ.

"ಹೊರಡು" ಎಂದ. "ಎಲ್ಲೂ ನಿಲ್ಲಬೇಡ."

ಕಾರು ಸದ್ದಿಲ್ಲದೆ ಸಾಗಿ ತಿರುವು ದಾಟಿತು. ಒರೊಜ್‌ಬಾಯ್ ಅದು ಕಿವಿಗೆ ಬೀಳದಷ್ಟು ದೂರ ಹೋಗುವವರೆಗೂ ಅಲ್ಲೇ ನಿಂತಿದ್ದು ಮನೆಗೆ ಬಂದ. ಸಾಲ್ಕಿನ್‌ಳ ಕೈ ಮಡಿಲಿಗೆ ಇಳಿದಿತ್ತು. ಬಾತ್ಮಾ ಅವಳ ಬಾಯಿಗೆ ಬೊರ್ಸೋಕ್ ಮುರಿದು ಇಡುತ್ತಿದ್ದಳು.